737 ಸಿಮ್ಯುಲೇಟರಲ್ಲಿ ಒಂದು ಗಂಟೆ: ಗ್ಲೈಡ್ ಸ್ಲೋಪ್ ಹಿಡಿಯೋದು ಕಲಿಯೋಕೆ ದುಡ್ಡು ಹಾಕ್ಬಹುದಾ?

ಪೂರ್ತಿ ಓದೋ ತಾಳ್ಮೆ ಇಲ್ಲದವರಿಗೆ ಮೊದಲೇ ಹೇಳ್ಬಿಡ್ತೀನಿ, ಹೋಗಿ, ದುಡ್ಡು ದಂಡ ಆಗಲ್ಲ, ಆದ್ರೆ ಕೌಂಟರಲ್ಲಿ ತೋರಿಸೋ ಪ್ಯಾಕೇಜ್ ಯಾವ್ದೂ ತಗೋಬೇಡಿ. ದುಬೈಯಿಂದ ಟೇಕಾಫ್, ಬುರ್ಜ್ ಖಲೀಫಾ ಸುತ್ತ ಒಂದು ರೌಂಡು, ಭೂತಾನಿನ ಪಾರೋದಲ್ಲಿ ಲ್ಯಾಂಡಿಂಗು, ಕೊನೆಗೆ ಟೋಪಿ ಹಾಕ್ಕೊಂಡು ಫೋಟೋ, ಇವೆಲ್ಲ ಮಕ್ಕಳ ಬರ್ತ್‌ಡೇಗೆ ಚೆನ್ನಾಗಿರುತ್ತೆ. ನೀವು ಮನೇಲಿ ಫ್ಲೈಟ್ ಸಿಮ್ ಆಡೋರಾದ್ರೆ, ಇಲ್ಲಾ ವಿಮಾನ ಮಂಜಲ್ಲಿ ಮಳೇಲಿ ಹೇಗಪ್ಪಾ ಅಷ್ಟು ನೇರವಾಗಿ ಬಂದು ಕೂರುತ್ತೆ ಅಂತ ತಲೆ ಕೆಡಿಸ್ಕೊಂಡಿರೋರಾದ್ರೆ, ಬುಕಿಂಗ್ ಮಾಡೋವಾಗ್ಲೇ "ಪೂರ್ತಿ ಗಂಟೆ ಐಎಲ್‌ಎಸ್ ಅಪ್ರೋಚ್ ಮಾತ್ರ, ಆಟೋಪೈಲಟ್ ಆಫ್, ಫ್ಲೈಟ್ ಡೈರೆಕ್ಟರೂ ಆಫ್" ಅಂತ ಹೇಳಿಬಿಡಿ. ಐಎಲ್‌ಎಸ್ ಅಪ್ರೋಚ್ ಅಂದ್ರೆ ರೇಡಿಯೋ ಸಿಗ್ನಲ್ ಹಿಡ್ಕೊಂಡು ರನ್‌ವೇಗೆ ಇಳಿದು ಬರೋದು, ಫ್ಲೈಟ್ ಡೈರೆಕ್ಟರ್ ಅಂದ್ರೆ ಮೂಗು ಎತ್ತ ತಿರುಗಿಸ್ಬೇಕು ಅಂತ ಪರದೇಲಿ ತೋರಿಸೋ ಗೆರೆಗಳು. ಅವ್ರು ಒಂದು ಕ್ಷಣ ನಿಮ್ಮ ಮುಖ ನೋಡ್ತಾರೆ, ಪರ್ವಾಗಿಲ್ಲ.

ಸೆಂಟರ್ ಬೆಂಗಳೂರಲ್ಲೇ ಇದೆ. ಹೆಸರು ಹಾಕ್ತಿಲ್ಲ, ಯಾಕಂದ್ರೆ ಕೆಳಗೆ ಒಂದಷ್ಟು ಬೈದಿದೀನಿ, ಮೂರ್ನಾಲ್ಕು ಜನ ಸೇರ್ಕೊಂಡು ನಡೆಸ್ತಿರೋ ಸಣ್ಣ ಜಾಗ, ಅವ್ರ ಹೊಟ್ಟೆ ಮೇಲೆ ಹೊಡೆಯೋ ಉದ್ದೇಶ ಇಲ್ಲ. ಈ ತರದ್ದು ಊರಲ್ಲಿ ಬೇರೆನೂ ಇವೆ, ನಾನು ಹೇಳೋ ವಿಷಯಗಳನ್ನ ಯಾವ ಸೆಂಟರಿಗೆ ಫೋನ್ ಮಾಡಿದ್ರೂ ಕೇಳ್ಬಹುದು.

ಇರೋದು ಬೋಯಿಂಗ್ 737-800 ಕಾಕ್‌ಪಿಟ್ಟು, ಫಿಕ್ಸೆಡ್ ಬೇಸ್, ಅಂದ್ರೆ ಕೆಳಗೆ ಹೈಡ್ರಾಲಿಕ್ ಜಾಕ್ ಗೀಕ್ ಏನೂ ಇಲ್ಲ, ಅಲ್ಲಾಡಲ್ಲ. ಏರ್‌ಲೈನ್ ಪೈಲಟ್‌ಗಳು ಟ್ರೈನಿಂಗ್ ತಗೊಳೋ ಫುಲ್ ಫ್ಲೈಟ್ ಸಿಮ್ಯುಲೇಟರೇ ಬೇರೆ, ಇಲ್ಲಿ ಕೂತ ಗಂಟೆ ಯಾವ ಲಾಗ್‌ಬುಕ್ಕಿಗೂ ಹೋಗಲ್ಲ, ಅದನ್ನ ಮೊದಲೇ ತಲೇಲಿ ಇಟ್ಕೊಳಿ. ಆದ್ರೆ ಯೋಕ್‌ಗೆ, ಅಂದ್ರೆ ವಿಮಾನದ ಸ್ಟೀರಿಂಗಿಗೆ, ಸರಿಯಾದ ಭಾರ ಇದೆ, ಥ್ರಾಟಲ್ ಲಿವರ್ ಕೈಗೆ ತುಂಬ್ಕೊಳುತ್ತೆ, ಯೋಕ್ ಮೇಲಿನ ಒತ್ತಡ ಇಳಿಸೋ ಟ್ರಿಮ್ ಸ್ವಿಚ್ ಒತ್ತಿದ್ರೆ ಮೊಣಕಾಲ ಪಕ್ಕ ಆ ಕಪ್ಪು ಚಕ್ರ ಖಟಖಟ ಅಂತ ತಿರುಗುತ್ತೆ. ಮನೇಲಿ ಸಾವಿರ ರೂಪಾಯಿ ಜಾಯ್‌ಸ್ಟಿಕ್ಕಲ್ಲಿ ಅಪ್ರೋಚ್ ಮಾಡೋವ್ರಿಗೆ ದೊಡ್ಡ ವ್ಯತ್ಯಾಸ ಗೊತ್ತಾಗೋದೇ ಇಲ್ಲಿ. ಜಾಯ್‌ಸ್ಟಿಕ್ ಕೈ ಬಿಟ್ರೆ ನಡುವಿಗೆ ವಾಪಸ್ ಬಂದುಬಿಡುತ್ತೆ, ಟ್ರಿಮ್ ಮಾಡ್ದೇ ಇದ್ರೂ ಬೆರಳ ತುದೀಲಿ ಹೇಗೋ ಮ್ಯಾನೇಜ್ ಆಗುತ್ತೆ, ಇಲ್ಲಿ ಟ್ರಿಮ್ ಸರಿ ಇಲ್ಲ ಅಂದ್ರೆ ಐದು ನಿಮಿಷಕ್ಕೆ ಭುಜ ನೋಯುತ್ತೆ, ಭುಜ ನೋಯ್ತಿರೋವಾಗ ಗ್ಲೈಡ್ ಸ್ಲೋಪ್ ಮೇಲೆ ಕೂರೋದು ಆಗದ ಮಾತು.

ಇನ್‌ಸ್ಟ್ರಕ್ಟರ್ ಹುಬ್ಬಳ್ಳಿ ಕಡೆ ಹುಡುಗಿ. ಕಮರ್ಷಿಯಲ್ ಲೈಸೆನ್ಸ್ ಆಗಿದೆ, 737 ಹಾರಿಸೋಕೆ ಬೇಕಾದ ಟೈಪ್ ರೇಟಿಂಗೂ ಆಗಿದೆ, ಏರ್‌ಲೈನ್ ಕರೆಗೆ ಕಾಯ್ತಾ ಇಲ್ಲಿ ಬಂದು ಹೇಳ್ಕೊಡ್ತಾರೆ. ಈ ರಿವ್ಯೂಲಿ ನಾನು ಕೊಡೋ ಸ್ಟಾರ್‌ಗಳಲ್ಲಿ ಮುಕ್ಕಾಲು ಭಾಗ ಇವ್ರಿಗೇ ಸೇರ್ಬೇಕು.

ಗ್ಲೈಡ್ ಸ್ಲೋಪ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿ ಮುಂದಕ್ಕೆ ಹೋಗ್ತೀನಿ. ಐಎಲ್‌ಎಸ್‌ನಲ್ಲಿ ಎರಡು ರೇಡಿಯೋ ಸಿಗ್ನಲ್, ಲೋಕಲೈಸರ್ ಅನ್ನೋದು ರನ್‌ವೇ ನೇರಕ್ಕೆ ಇದೀರಾ ಎಡಕ್ಕಾ ಬಲಕ್ಕಾ ಅಂತ ಹೇಳುತ್ತೆ, ಗ್ಲೈಡ್ ಸ್ಲೋಪ್ ಇಳಿಜಾರಿಗಿಂತ ಮೇಲಿದೀರಾ ಕೆಳಗಿದೀರಾ ಅಂತ ಹೇಳುತ್ತೆ. ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳಿಯೋವಾಗ ಕಿಟಕಿ ಸೀಟ್ ಸಿಕ್ಕಿದ್ರೆ ಗಮನಿಸಿ, ಚಕ್ರ ನೆಲ ಮುಟ್ಟೋ ಜಾಗದ ಪಕ್ಕದಲ್ಲಿ, ರನ್‌ವೇಯಿಂದ ಒಂದು ನೂರು ನೂರಿಪ್ಪತ್ತು ಮೀಟರ್ ಆಚೆ ಒಂದು ಎತ್ತರದ ಕಂಬ, ಕಂಬದ ಬುಡದಲ್ಲಿ ಪುಟ್ಟ ಶೆಡ್ಡು ಇರುತ್ತೆ, ಅದೇ ಗ್ಲೈಡ್ ಸ್ಲೋಪ್ ಆಂಟೆನಾ. ನೀವು ಕೂತಿರೋ ಕಡೆಗೇ ಅದು ಬರ್ಬೇಕು ಅಷ್ಟೆ. 329ರಿಂದ 335 ಮೆಗಾಹರ್ಟ್ಸ್ ನಡುವೆ ಅದು ಸಿಗ್ನಲ್ ಬಿಡುತ್ತೆ, ಅದ್ರೊಳಗೆ ಎರಡು ಟೋನ್, ಒಂದು 90 ಹರ್ಟ್ಸ್ ಇನ್ನೊಂದು 150. ವಿಮಾನ ಸ್ಲೋಪ್‌ಗಿಂತ ಮೇಲಿದ್ರೆ 90 ಜೋರಾಗಿ ಕೇಳುತ್ತೆ, ಕೆಳಗಿದ್ರೆ 150 ಜೋರು, ಎರಡೂ ಸಮ ಆದ್ರೆ ನೀವು ಸರಿಯಾಗಿ 3 ಡಿಗ್ರಿ ಇಳಿಜಾರಿನ ಮೇಲಿದೀರ ಅಂತ ಅರ್ಥ. ಕೇಳಿಸೋದು ನಮ್ಮ ಕಿವಿಗಲ್ಲ ಬಿಡಿ, ರಿಸೀವರಿಗೆ. ನಮಗೆ ಕಾಣೋದು ಪಿಎಫ್‌ಡಿ, ಅಂದ್ರೆ ಪೈಲಟ್ ಎದುರಿಗಿರೋ ಮುಖ್ಯ ಪರದೆಯ ಬಲಗಡೆ ಮೇಲೆ ಕೆಳಗೆ ಓಡಾಡೋ ಒಂದು ಮಜೆಂಟಾ ಡೈಮಂಡ್, ಅದರ ಹಿಂದೆ ನಾಲ್ಕು ಬಿಳಿ ಸೊನ್ನೆ, ಮೇಲೆ ಎರಡು ಕೆಳಗೆ ಎರಡು. ಡೈಮಂಡ್ ಮೇಲಿದ್ರೆ ಸ್ಲೋಪ್ ಮೇಲಿದೆ, ನೀವು ಕೆಳಗಿದೀರ. ಫ್ರೀಕ್ವೆನ್ಸಿ ಹಾಕೋ ತಲೆನೋವೂ ಇಲ್ಲ, ಲೋಕಲೈಸರ್‌ದು ಹಾಕಿದ್ರೆ ಅದಕ್ಕೆ ಜೋಡಿ ಆಗಿರೋ ಗ್ಲೈಡ್ ಸ್ಲೋಪ್‌ದು ತಾನಾಗೇ ಸೆಟ್ ಆಗುತ್ತೆ.

ಮೊದಲನೇ ಅಪ್ರೋಚ್ ಬೆಂಗಳೂರಿಗೇ, ಅದೂ ಆಟೋಪೈಲಟಲ್ಲಿ. ನನಗೆ ಬೇಡ ಇತ್ತು, ಮೇಡಂ ಬಿಡ್ಲಿಲ್ಲ, "ಒಮ್ಮೆ ಮಷೀನ್ ಹ್ಯಾಂಗ ಮಾಡ್ತೈತಿ ನೋಡ್ಕೊಳ್ರಿ ಸರ, ಆಮ್ಯಾಲ ನಿಮ್ಮ ಕೈಗೆ ಕೊಡ್ತೀನಿ" ಅಂದ್ರು, ಅದು ಒಳ್ಳೇದೇ ಆಯ್ತು. ಬೆಂಗಳೂರಲ್ಲಿ ನೆಲವೇ ಸಮುದ್ರ ಮಟ್ಟದಿಂದ 3000 ಅಡಿ ಎತ್ತರ, ಹಾಗಾಗಿ ಆಲ್ಟಿಮೀಟರಲ್ಲಿ 6000 ಅಂದ್ರೆ ನೆಲದಿಂದ ಬರೀ 3000. ಆ ಎತ್ತರದಲ್ಲಿ ಸಪಾಟಾಗಿ ಹೋಗ್ತಾ ಲೋಕಲೈಸರ್ ಹಿಡ್ಕೊಂಡ್ವಿ. ಡೈಮಂಡ್ ಇನ್ನೂ ಪರದೆಯ ಮೇಲ್ಗಡೆ ಅಂಚಿಗೆ ಅಂಟ್ಕೊಂಡಿತ್ತು. ಸುಮಾರು ಹತ್ತು ಹನ್ನೊಂದು ಮೈಲಿ (ಇಲ್ಲಿ ಮೈಲಿ ಅಂದ್ರೆಲ್ಲ ನಾಟಿಕಲ್ ಮೈಲಿ, ಗಂಟೆಗೆ ಒಂದು ನಾಟಿಕಲ್ ಮೈಲಿ ಅಂದ್ರೆ ಒಂದು ನಾಟ್) ಇರೋವಾಗ ಮೆಲ್ಲಗೆ ಕೆಳಗೆ ಜಾರೋಕೆ ಶುರು ಮಾಡ್ತು, ಪೈಲಟ್‌ಗಳು ಗ್ಲೈಡ್ ಸ್ಲೋಪ್ ಅಲೈವ್ ಅಂತ ಕೂಗೋದು ಆಗ್ಲೇ. ಕೂಗಿದ ತಕ್ಷಣ ಗೇರ್ ಡೌನ್ ಅಂದ್ರೆ ಚಕ್ರ ಹೊರಗೆ, ಫ್ಲ್ಯಾಪ್ (ರೆಕ್ಕೆ ಹಿಂದೆ ಇಳಿಯೋ ಪಟ್ಟಿ) 15, ಇಳಿದ ಮೇಲೆ ರೆಕ್ಕೆ ಮೇಲೆ ಏಳೋ ಸ್ಪೀಡ್‌ಬ್ರೇಕ್ ಆರ್ಮ್. ಡೈಮಂಡ್ ನಡುವಿಗೆ ಬಂತು, ಮೇಲ್ಗಡೆ ಬಿಳಿ ಅಕ್ಷರದಲ್ಲಿದ್ದ ಜಿ-ಎಸ್ (ಗ್ಲೈಡ್ ಸ್ಲೋಪ್) ಹಸಿರಾಯ್ತು, ಮೂಗು ತಾನೇ ಬಗ್ತು, ಫ್ಲ್ಯಾಪ್ 30. ಇಷ್ಟೇ ಕೆಲಸ. ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಇದ್ರಲ್ಲಿರೋ ಗುಟ್ಟು ಏನಂದ್ರೆ ಡೈಮಂಡ್ ನಡುವಿಗೆ ಬರೋ ಮುಂಚೆನೇ ವಿಮಾನ ಇಳಿಯೋ ಸ್ಥಿತಿಗೆ ಬಂದಾಗಿತ್ತು, ಗೇರ್ ಹೊರಗೆ, ಸ್ಪೀಡ್ ಕಮ್ಮಿ. ಸ್ಲೋಪ್ ಮೇಲೆ ಬಂದ್ಮೇಲೆ ಸ್ಪೀಡ್ ಕಮ್ಮಿ ಮಾಡ್ತೀನಿ ಅಂತ ಹೋದ್ರೆ 737 ಮಾತು ಕೇಳಲ್ಲ, ಅದು ನುಣ್ಣಗಿರೋ ವಿಮಾನ, ಇಳಿಯೋದು ನಿಧಾನ ಆಗೋದು ಎರಡನ್ನೂ ಒಟ್ಟಿಗೆ ಮಾಡೋಕೆ ಒಪ್ಪಲ್ಲ.

ಇನ್ನೊಂದು ವಿಷಯ, ಸ್ಲೋಪ್‌ನ ಯಾವಾಗ್ಲೂ ಕೆಳಗಿಂದ ಹಿಡೀಬೇಕು. ಮೇಲಿಂದ ಬಂದ್ರೆ ಸುಳ್ಳು ಸ್ಲೋಪ್‌ಗಳು ಕಾದಿರ್ತವೆ. ಆಂಟೆನಾ ತನ್ನ ಮುಂದಿರೋ ನೆಲದಿಂದ ಪ್ರತಿಫಲನ ತಗೊಂಡು ಆ ಕಿರಣ ಕಟ್ಟೋದು, ಹಾಗಾಗಿ 3 ಡಿಗ್ರಿ ಒಂದೇ ಅಲ್ದೆ 9 ಡಿಗ್ರಿ ಹತ್ರಾನೂ ಅದೇ ತರ ಎರಡು ಟೋನ್ ಸಮ ಆಗೋ ಜಾಗ ಸಿಗುತ್ತೆ. ಅದ್ರ ಮೇಲೆ ಡೈಮಂಡ್ ನಡುವಲ್ಲೇ ಕೂತಿರುತ್ತೆ, ಇಳಿಯೋ ವೇಗ ಮಾತ್ರ ಮೂರು ಪಟ್ಟು. ಸೆಂಟರಿನ ಸಿಮ್‌ನಲ್ಲಿ ಇದನ್ನ ತೋರಿಸಿ ಅಂದೆ, ಇಲ್ಲ ಅಂದ್ರು, ಅವ್ರ ಸಾಫ್ಟ್‌ವೇರಲ್ಲಿ ಒಂದೇ ಒಂದು ಕ್ಲೀನ್ ಕಿರಣ, ಅದರ ಆಚೆ ಈಚೆ ಏನೂ ಇಲ್ಲ. ಗ್ಲೈಡ್ ಸ್ಲೋಪ್ ಕಲಿಸೋ ಜಾಗದಲ್ಲಿ ಇದು ಇರ್ಲೇಬೇಕಿತ್ತು, ಒಂದು ಸ್ಟಾರ್ ಇಲ್ಲೇ ಹೋಯ್ತು. ಹಾಗೇ ಸಿಗ್ನಲ್ ಅಲ್ಲಾಡೋದೂ ಇಲ್ಲ. ನಿಜವಾದ ಏರ್‌ಪೋರ್ಟಲ್ಲಿ ಆಂಟೆನಾ ಮುಂದೆ ಒಂದು ದೊಡ್ಡ ವಿಮಾನ ಟ್ಯಾಕ್ಸಿ ಮಾಡ್ಕೊಂಡು ಹೋದ್ರೆ ಕಿರಣ ಕದಡುತ್ತೆ, ಅದಕ್ಕೇ ಮಂಜಿದ್ದಾಗ ವಿಮಾನಗಳನ್ನ ರನ್‌ವೇಯಿಂದ ಇನ್ನೂ ಹಿಂದೆನೇ ನಿಲ್ಸೋದು. ಇಲ್ಲಿ ಡೈಮಂಡ್ ಎಣ್ಣೆ ಹಾಕಿದ ಹಾಗೆ ನುಣ್ಣಗೆ ಓಡಾಡುತ್ತೆ, ನಿಜ ಹೀಗೇ ಇರುತ್ತೆ ಅಂದ್ಕೊಂಡು ಮನೆಗೆ ಹೋಗ್ಬೇಡಿ.

ಈಗ ಅಸಲಿ ವಿಷಯ, ಕೈಯಲ್ಲಿ ಹಾರಿಸೋದು. ನನ್ನ ಜೊತೆ ಅಕ್ಕನ ಮಗ ಬಂದಿದ್ದ, ಪಿಯುಸಿ, ಪೈಲಟ್ ಆಗ್ತೀನಿ ಅಂತ ಮನೇಲೆಲ್ಲ ಡಂಗೂರ ಸಾರಿದಾನೆ. "ಮಾಮ ನಾನು ಫಸ್ಟು" ಅಂತ ಎಡಗಡೆ ಸೀಟಿಗೆ ಹತ್ತಿ ಕೂತ. ಹತ್ತು ಮೈಲಿ ದೂರದಲ್ಲಿ ಆಟೋಪೈಲಟ್ ತೆಗೆದ್ರು. ಡೈಮಂಡ್ ಒಂದು ಕೂದಲೆಳೆ ಮೇಲೆ ಹೋಯ್ತು, ಇವನು ಯೋಕ್ ಎಳೆದ, ಡೈಮಂಡ್ ಅಲ್ಲೇ ಇತ್ತು, ಇನ್ನೂ ಎಳೆದ, ಆಮೇಲೆ ಅದು ಸರ್ರಂತ ಕೆಳಗೆ ಇಳೀತು, ಗಾಬರಿ ಆಗಿ ಒತ್ತಿದ, ಸ್ಪೀಡ್ ಏರ್ತು, ಥ್ರಾಟಲ್ ಎಳೆದ, ಸ್ಪೀಡ್ ಇಳೀತು, ಹೀಗೆ ಇಡೀ ಅಪ್ರೋಚ್ ಮೇಲೆ ಕೆಳಗೆ ಮೇಲೆ ಕೆಳಗೆ, ಹಿಂದಿನ ಸೀಟಲ್ಲಿ ಕೂತಿದ್ದ ನನಗೆ ವಿಮಾನ ಅಲ್ಲಾಡ್ದೇ ಇದ್ರೂ ಹೊಟ್ಟೆ ತೊಳಸೋಕೆ ಶುರು ಆಯ್ತು. ಮೇಡಂ ಅವನ ಕೈ ಮೇಲೆ ಕೈ ಇಟ್ಟು ಹೇಳಿದ್ದಿಷ್ಟು: "ಅದರ ಬೆನ್ನು ಹತ್ತಬ್ಯಾಡೋ ತಮ್ಮಾ. ಮೂಗು ಎಲ್ಲೈತಿ ನೋಡು, ವರ್ಟಿಕಲ್ ಸ್ಪೀಡ್ ಎಷ್ಟೈತಿ ನೋಡು, ಅವೆರಡೂ ಸರಿ ಇದ್ದವಂದ್ರ ಡೈಮಂಡ್ ಎಲ್ಲಿಗೂ ಹೋಗಂಗಿಲ್ಲ."

ಇದಕ್ಕೆ ಅವ್ರು ಕೊಟ್ಟ ಲೆಕ್ಕ ನನಗೆ ಇಡೀ ಸೆಷನ್‌ನಲ್ಲಿ ಸಿಕ್ಕ ಬೆಸ್ಟ್ ಮಾಲು. ಗ್ರೌಂಡ್ ಸ್ಪೀಡಿನ ಅರ್ಧ ತಗೊಳಿ, ಮುಂದೆ ಒಂದು ಸೊನ್ನೆ ಹಾಕಿ, ಅದೇ ನಿಮಿಷಕ್ಕೆ ಎಷ್ಟು ಅಡಿ ಇಳೀಬೇಕು ಅನ್ನೋದು. 140 ನಾಟ್ ಇದ್ರೆ ಅರ್ಧ 70, ಸೊನ್ನೆ ಹಾಕಿದ್ರೆ 700. ಕರಾರುವಾಕ್ಕಾಗಿ ಲೆಕ್ಕ ಹಾಕಿದ್ರೆ 740 ಚಿಲ್ಲರೆ ಬರುತ್ತೆ, ಆದ್ರೆ ಶುರು ಮಾಡೋಕೆ 700 ಸಾಕು. ಹಿಂದಿಂದ 10 ನಾಟ್ ಗಾಳಿ ಇದ್ರೆ ಗ್ರೌಂಡ್ ಸ್ಪೀಡ್ 150 ಆಗುತ್ತೆ, 750 ಬೇಕು, ಎದುರುಗಾಳಿ ಇದ್ರೆ ಕಮ್ಮಿ. ಗಾಳಿ ಬದಲಾದ್ರೆ ಡೈಮಂಡ್ ಯಾಕೆ ಜಾರುತ್ತೆ ಅನ್ನೋದಕ್ಕೆ ಉತ್ತರ ಇದೇ, ಮೂಗು ಸ್ಪೀಡು ಎಲ್ಲ ಅದೇ ಇದ್ರೂ ನೆಲದ ಮೇಲಿನ ವೇಗ ಬದಲಾಗಿರುತ್ತೆ. ಫ್ಲ್ಯಾಪ್ 30ರಲ್ಲಿ ಮೂಗು ಎರಡೂವರೆ ಡಿಗ್ರಿ ಮೇಲೆ, ಇಂಜಿನ್ ಸುಮಾರು 55 ಪರ್ಸೆಂಟ್, ಇದನ್ನ ಇಟ್ಟು ಟ್ರಿಮ್ ಮಾಡಿ ಕೈ ಸಡಿಲ ಬಿಟ್ರೆ ಆ ದಿನ ನಾವು ಹಾಕ್ಕೊಂಡ ತೂಕಕ್ಕೆ ವಿಮಾನ ತಾನೇ ಸ್ಲೋಪ್ ಮೇಲೆ ಕೂತಿತ್ತು. ಆಚೆ ಈಚೆ ಆದ್ರೆ ಮೂಗನ್ನ ಅರ್ಧ ಡಿಗ್ರಿ ಬದಲಾಯಿಸಿ, ಎರಡು ಮೂರು ಸೆಕೆಂಡ್ ಕಾಯಿರಿ, ಆಮೇಲೆ ನೋಡಿ. ಕಾಯೋದೇ ಕಷ್ಟ.

ಇನ್ನೊಂದು ತಲೇಲಿ ಕೂರಬೇಕಾದ್ದು ಆ ಸೊನ್ನೆಗಳ ಬೆಲೆ. ಒಂದೊಂದು ಸೊನ್ನೆಗೂ ಡಾಟ್ ಅಂತಾರೆ. ನಡುವಿಂದ ಕೊನೆ ಸೊನ್ನೆವರೆಗೆ, ಅಂದ್ರೆ ಎರಡು ಡಾಟ್‌ಗೆ, 0.7 ಡಿಗ್ರಿ, ಡಿಗ್ರಿ ಬದಲಾಗಲ್ಲ ಆದ್ರೆ ಹತ್ರ ಬಂದಷ್ಟೂ ಅದು ಕಮ್ಮಿ ಅಡಿ ಆಗ್ತಾ ಹೋಗುತ್ತೆ. 10 ಮೈಲೀಲಿ ಒಂದು ಡಾಟ್ ಅಂದ್ರೆ ಸುಮಾರು 370 ಅಡಿ. ಅದೇ ಒಂದು ಡಾಟ್ 1 ಮೈಲೀಲಿ ಬರೀ 37 ಅಡಿ. ಲಾಳಿಕೆ ಒಳಗೆ ಇಳಿದ ಹಾಗೆ, ಕೆಳಗೆ ಹೋದಷ್ಟೂ ಇಕ್ಕಟ್ಟು. ದೂರದಲ್ಲಿ ಡೈಮಂಡ್ ಸೋಮಾರಿ ತರ ಇರುತ್ತೆ, ಕೊನೆ ಒಂದು ಮೈಲೀಲಿ ಹುಚ್ಚು ಹಿಡಿದಂಗೆ ಆಡುತ್ತೆ, ದೂರದಲ್ಲಿ ಮಾಡಿದಷ್ಟೇ ದೊಡ್ಡ ಕರೆಕ್ಷನ್ ಅಲ್ಲೂ ಮಾಡಿದ್ರೆ ಮುಗೀತು ಕತೆ. ನಮ್ ಹುಡುಗ ಎರಡನೇ ಸಲ ಇದನ್ನ ಹಿಡ್ಕೊಂಡ, ಮೂಗನ್ನ ಮಾತ್ರ ನೋಡ್ತಾ ಬಂದ, ಡೈಮಂಡ್ ಅರ್ಧ ಡಾಟ್ ಒಳಗೇ ಇತ್ತು, ಖುಷಿಗೆ "ಅಕ್ಕ ನೋಡಿ ನೋಡಿ" ಅಂತ ಕೂಗಿ ಲೋಕಲೈಸರ್ ಮರ್ತುಬಿಟ್ಟ, ಅದು ಬೇರೆ ಕತೆ.

ಆಮೇಲೆ ಮಂಗಳೂರು ಕೇಳ್ದೆ, ರನ್‌ವೇ 24. ಮೇಡಂ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಯಾಕೆ ಅಂತ ಕನ್ನಡದವರಿಗೆ ಹೇಳ್ಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಇದೇ 737-800. 166 ಜನರಲ್ಲಿ 158 ಜನ ಹೋದ್ರು, 8 ಜನ ಉಳಿದ್ರು. ಆ ರಿಪೋರ್ಟ್ ಓದಿದವರಿಗೆ ಗೊತ್ತಿರುತ್ತೆ, ಅವತ್ತು ಏರಿಯಾ ರೇಡಾರ್ ಕೆಲಸ ಮಾಡ್ತಿರಲಿಲ್ಲ, ಇಳಿಯೋಕೆ ಶುರು ಮಾಡಿದ್ದೇ ತಡವಾಗಿ, ಕೊನೆಗೆ ಸ್ಲೋಪ್ ಪ್ರಕಾರ ಇರ್ಬೇಕಾದ ಎತ್ತರದ ಹೆಚ್ಚುಕಮ್ಮಿ ಎರಡರಷ್ಟು ಎತ್ತರದಲ್ಲಿತ್ತು ವಿಮಾನ. ಅಲ್ಲಿಂದ ತೀರಾ ಕಡಿದಾಗಿ ಇಳಿಸಿದ್ರು, ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್, ಅಂದ್ರೆ ಇಳಿಸೋದು ಬಿಟ್ಟು ಮತ್ತೆ ಮೇಲೆ ಹೋಗೋಣ ಅಂದ್ರೂ ಕ್ಯಾಪ್ಟನ್ ಬಿಡ್ಲಿಲ್ಲ, 8033 ಅಡಿ ರನ್‌ವೇಲಿ ಸುಮಾರು 5200 ಅಡಿ ಆದ್ಮೇಲೆ ಚಕ್ರ ಗಟ್ಟಿಯಾಗಿ ನೆಲ ಹಿಡೀತು. ರನ್‌ವೇ ದಾಟಿ ಹೋಗಿ ರೆಕ್ಕೆ ಬಡಿದಿದ್ದು ಲೋಕಲೈಸರ್ ಆಂಟೆನಾ ನಿಲ್ಸಿದ್ದ ಕಾಂಕ್ರೀಟ್ ಕಟ್ಟೆಗೆ. ಅದರಾಚೆ ಕೆಂಜಾರಿನ ಕಣಿವೆ.

ಸಿಮ್‌ನಲ್ಲಿ ಅದನ್ನ ರೀಪ್ಲೇ ಮಾಡೋ ಆಸೆ ನನಗಿರಲಿಲ್ಲ, ಮಾಡೋದೂ ಬೇಡ, ಅದನ್ನೊಂದು ಆಟ ಮಾಡ್ಕೊಳೋ ಸೆಂಟರ್ ಇದ್ರೆ ಅಲ್ಲಿಗೆ ಹೋಗ್ಬೇಡಿ ಅಂತಲೇ ಹೇಳ್ತೀನಿ. ಮೇಡಂ ಮಾಡಿದ್ದು ಬೇರೆ. ಮಾಮೂಲಿ ಅಪ್ರೋಚಲ್ಲಿ ಐದು ಮೈಲಿಗೆ ತಂದು ನಿಲ್ಸಿ, ಒಂದು ಸಲ ಸ್ಲೋಪ್ ಮೇಲೆ ಇಟ್ರು, ಪಾಝ್ ಒತ್ತಿ ಸಿಮ್ ನಿಲ್ಸಿ ಕಿಟಕಿ ಆಚೆ ನೋಡಿ ಅಂದ್ರು. ಗುಡ್ಡದ ಮೇಲೆ ರನ್‌ವೇ ಪುಟ್ಟದಾಗಿ ಎದುರಿಗೇ ಕಾಣ್ತಿತ್ತು. ಆಮೇಲೆ ಅದೇ ಜಾಗದಲ್ಲಿ ಎತ್ತರ ಮಾತ್ರ ಎರಡು ಪಟ್ಟು ಮಾಡಿ ಮತ್ತೆ ಪಾಝ್. ರನ್‌ವೇ ಮೂಗಿನ ಕೆಳಗೆ ಎಲ್ಲೋ ಹೋಗಿತ್ತು, ಸೀಟಿಂದ ಎದ್ದು ಬಗ್ಗಿ ನೋಡೋ ಹಾಗಿತ್ತು. ಡೈಮಂಡ್ ಪರದೆಯ ತಳದಲ್ಲಿ ಅಂಟ್ಕೊಂಡಿತ್ತು. "ಇಲ್ಲಿಂದ ಇಳಿಸೋದ ಹ್ಯಾಂಗ ಅಂತ ಕೇಳಬ್ಯಾಡ್ರಿ ಸರ, ಇಲ್ಲಿಂದ ಮ್ಯಾಲೆ ಹೋಗೋದ ಹ್ಯಾಂಗ ಅಂತ ಕಲೀರಿ" ಅಂದ್ರು, ಉಳಿದ ಹತ್ತು ನಿಮಿಷ ಗೋ ಅರೌಂಡ್ ಪ್ರಾಕ್ಟೀಸ್. ಇಂಜಿನ್‌ಗೆ ಮೇಲೇರೋ ಶಕ್ತಿ ಕೊಡೋ ಟೋಗಾ ಬಟನ್, ಫ್ಲ್ಯಾಪ್ 15, ಮೇಲೆ ಹತ್ತೋದು ಖಾತ್ರಿ ಆದ್ಮೇಲೆ ಗೇರ್ ಅಪ್. 1000 ಅಡಿಗೆ ಬರೋ ಹೊತ್ತಿಗೆ ಸ್ಪೀಡ್, ಫ್ಲ್ಯಾಪ್, ಸ್ಲೋಪ್ ಯಾವುದಾದ್ರೂ ಒಂದು ಸರಿ ಇಲ್ಲ ಅಂದ್ರೆ ಚರ್ಚೆ ಇಲ್ಲ, ಮೇಲೆ. ಪ್ಯಾಕೇಜ್ ಸೆಷನ್‌ಗಳಲ್ಲಿ ಗೋ ಅರೌಂಡ್ ಮಾಡ್ಸೋದೇ ಇಲ್ಲವಂತೆ, ಕಸ್ಟಮರ್‌ಗೆ ಲ್ಯಾಂಡಿಂಗ್ ವಿಡಿಯೋ ಬೇಕಲ್ಲ.

ಇನ್ನೊಂದು ಅಪ್ರೋಚಲ್ಲಿ ಅವ್ರ ಟ್ಯಾಬ್ಲೆಟ್ಟಿಂದ ಗ್ಲೈಡ್ ಸ್ಲೋಪ್ ಕೆಡಿಸಿದ್ರು. ಡೈಮಂಡ್ ಮಾಯ ಆಯ್ತು, ಇದು ಸುಲಭ, ಕಣ್ಣಿಗೆ ಕಾಣುತ್ತೆ. ಕಷ್ಟದ್ದು ಕಾಣ್ದೇ ಕೆಡೋದು. ಅಪಿಯಾ ಕತೆ ಹೇಳಿದ್ರು, ನಾನೂ ಓದಿದ್ದೆ. 2000ದ ಜುಲೈ 29ರ ರಾತ್ರಿ, ಸಮೋವಾ ದೇಶದ ಅಪಿಯಾಗೆ ಇಳೀತಿದ್ದ ಏರ್ ನ್ಯೂಜಿಲೆಂಡ್ ಫ್ಲೈಟ್ 60, ಬೋಯಿಂಗ್ 767. ನೆಲದ ಮೇಲಿನ ಟ್ರಾನ್ಸ್‌ಮಿಟರ್ ಸರಿ ಇರಲಿಲ್ಲ, ಮೇಲೆ ಕೆಳಗೆ ಅಂತ ವ್ಯತ್ಯಾಸ ತೋರಿಸೋ ಭಾಗನೇ ಸಿಗ್ನಲಲ್ಲಿ ಇರಲಿಲ್ಲ. ವ್ಯತ್ಯಾಸ ಇಲ್ಲ ಅಂದ್ರೆ ರಿಸೀವರ್ ಏನಂದ್ಕೊಳುತ್ತೆ? ಎರಡು ಟೋನ್ ಸಮ, ಸ್ಲೋಪ್ ಮೇಲಿದೀನಿ ಅಂತ. ವಿಮಾನ ಎಲ್ಲಿದ್ರೂ ಸೂಜಿ ನಡುವಲ್ಲಿ, ವಾರ್ನಿಂಗ್ ಫ್ಲ್ಯಾಗೂ ಇಲ್ಲ. ರನ್‌ವೇಗೆ ಐದೂವರೆ ಮೈಲಿ ಇರೋವಾಗ 400 ಅಡಿಗಿಂತ ಕೆಳಗೆ ಬಂದಿದ್ರು, ಅಲ್ಲಿ ಇರ್ಬೇಕಾಗಿದ್ದು 1700 ಅಡಿ ಮೇಲೆ. ದೀಪಗಳು ಇರ್ಬೇಕಾದ ಜಾಗದಲ್ಲಿಲ್ಲ, ಡಿಎಂಇ (ರೇಡಿಯೋದಲ್ಲಿ ದೂರ ಅಳೆಯೋ ಸಾಧನ) ತೋರಿಸೋ ದೂರಕ್ಕೂ ಎತ್ತರಕ್ಕೂ ತಾಳೆ ಆಗ್ತಿಲ್ಲ ಅಂತ ಗೊತ್ತಾಗಿ ಗೋ ಅರೌಂಡ್ ಹೋದ್ರು, ಎಲ್ಲರೂ ಬದುಕಿದ್ರು. 1997ರಲ್ಲಿ ಗುವಾಮ್‌ನಲ್ಲಿ ಕೊರಿಯನ್ ಏರ್ 801ಗೆ ಆ ಅದೃಷ್ಟ ಇರಲಿಲ್ಲ, ಗ್ಲೈಡ್ ಸ್ಲೋಪ್ ಕೆಲಸ ಮಾಡಲ್ಲ ಅಂತ ಮೊದಲೇ ನೋಟಿಸ್ ಇದ್ರೂ ಕಾಕ್‌ಪಿಟಲ್ಲಿ ಅದು ಇದೆಯಾ ಇಲ್ವಾ ಅನ್ನೋ ಗೊಂದಲ, ವಿಮಾನ ಗುಡ್ಡಕ್ಕೆ ಬಡೀತು, 228 ಜನ ಹೋದ್ರು.

ಹಾಗಾಗಿ ಡೈಮಂಡ್ ನಡುವಲ್ಲಿದ್ರೂ ಲೆಕ್ಕ ನೋಡ್ತಾ ಇರ್ಬೇಕು. ಮೈಲಿಗೆ 300 ಅಡಿ, ಕರಾರುವಾಕ್ಕಾಗಿ 318. ಐದು ಮೈಲಿ ಇದ್ರೆ ರನ್‌ವೇಯಿಂದ 1500-1600 ಅಡಿ ಮೇಲಿರ್ಬೇಕು, ಮಂಗಳೂರಾದ್ರೆ ಅದಕ್ಕೆ ಏರ್‌ಪೋರ್ಟಿನ ಎತ್ತರ 330 ಚಿಲ್ಲರೆ ಅಡಿ ಸೇರಿಸ್ಕೊಳಿ, ಬೆಂಗಳೂರಾದ್ರೆ 3000. ಮೇಡಂ ಪ್ರತಿ ಮೈಲಿಗೂ "ಡಿಎಂಇ ಎಷ್ಟೈತಿ, ಆಲ್ಟಿಟ್ಯೂಡ್ ಎಷ್ಟೈತಿ, ಹೇಳ್ರಿ" ಅಂತ ಪೀಡಿಸ್ತಿದ್ರು. ಮೊದಲು ಕಿರಿಕಿರಿ, ಮೂರನೇ ಅಪ್ರೋಚ್ ಹೊತ್ತಿಗೆ ಬಾಯಿಗೆ ತಾನಾಗೇ ಬರ್ತಿತ್ತು. ನಿಜ ಹೇಳ್ಬೇಕಂದ್ರೆ ಯೋಕ್ ಭಾರ, ದೊಡ್ಡ ಪರದೆ ಎಲ್ಲದಕ್ಕಿಂತ ಈ ಪೀಡೆಗೇ ನಾನು ದುಡ್ಡು ಕೊಟ್ಟಿದ್ದು ಅನ್ಸುತ್ತೆ, ಯೂಟ್ಯೂಬ್ ವಿಡಿಯೋ ನಮ್ಮನ್ನ ವಾಪಸ್ ಪ್ರಶ್ನೆ ಕೇಳಲ್ಲ.

ಮೋಡ ತಗ್ಗಿಸಿ 250 ಅಡಿಗೆ ತಂದು ಒಂದು ಮಾಡ್ಸಿದ್ರು, ಅದು ಮಜಾ. ಮಾಮೂಲಿ ಕ್ಯಾಟ್ 1, ಅಂದ್ರೆ ಮೊದಲನೇ ದರ್ಜೆ ಐಎಲ್‌ಎಸ್‌ನಲ್ಲಿ 200 ಅಡಿಗೆ ರನ್‌ವೇ ಇಲ್ಲಾ ಅದರ ದೀಪ ಕಾಣ್ಬೇಕು, ಇಲ್ಲಾಂದ್ರೆ ಮೇಲೆ. 200 ಅಡಿಯಿಂದ ರನ್‌ವೇ ಅಂಚಿಗೆ 140 ನಾಟಲ್ಲಿ ಹನ್ನೆರಡು ಸೆಕೆಂಡು ಅಷ್ಟೆ. ಬೂದು ಬಣ್ಣ ಬಿಟ್ಟು ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಧುತ್ತಂತ ದೀಪಗಳು. ಕಂಡ ತಕ್ಷಣ ಎಲ್ಲರ ಕೈಯೂ ಮೂಗು ಒತ್ತೋಕೆ ಹೋಗುತ್ತಂತೆ, ರನ್‌ವೇ ಸಿಕ್ತಲ್ಲ ಬೇಗ ಇಳಿಯೋಣ ಅಂತ. ನಮ್ ಹುಡುಗ ಒತ್ತಿದ, ತಲೆ ಮೇಲಿಂದ ಗಂಡಸಿನ ಧ್ವನಿ "ಗ್ಲೈಡ್‌ಸ್ಲೋಪ್, ಗ್ಲೈಡ್‌ಸ್ಲೋಪ್" ಅಂತು, ಎದುರಿಗೆ ಅಂಬರ್ ಬಣ್ಣದ ಪುಟ್ಟ ದೀಪ ಹತ್ತಿಕೊಳ್ತು, ಬಿಲೋ ಜಿ-ಎಸ್ ಅಂತ. ಕಾಕ್‌ಪಿಟ್ ಅಷ್ಟು ದೊಡ್ಡದಿದ್ರೂ ಆ ಒಂದಿಂಚಿನ ದೀಪ ಕಣ್ಣಿಗೆ ಹೊಡೆಯೋ ಪರಿ ಇದೆಯಲ್ಲ, ಮನೆ ಮಾನಿಟರಲ್ಲಿ ಅದು ಇತ್ತು ಅನ್ನೋದೇ ನಾನು ಗಮನಿಸಿರಲಿಲ್ಲ. ರನ್‌ವೇ ಪಕ್ಕದಲ್ಲಿ ಇಳಿಜಾರು ತೋರಿಸೋ ಪಾಪಿ (PAPI) ದೀಪಗಳು ಎರಡು ಬಿಳಿ ಎರಡು ಕೆಂಪು ಇದ್ದಿದ್ದು ಮೂರು ಕೆಂಪು ಆಗಿತ್ತು. ವಿಮಾನ ರನ್‌ವೇ ಅಂಚು ದಾಟೋವಾಗ ಅದರಲ್ಲಿರೋ ಆಂಟೆನಾ ಎತ್ತರ ಸುಮಾರು 50 ಅಡಿ ಇರ್ಬೇಕು ಅನ್ನೋ ಲೆಕ್ಕದಲ್ಲಿ ಸ್ಲೋಪ್ ಇಟ್ಟಿರ್ತಾರೆ, ಚಕ್ರ ಅದಕ್ಕಿಂತ ಕೆಳಗಿರುತ್ತೆ, ಅದರಲ್ಲಿ ಇಪ್ಪತ್ತು ಅಡಿ ಕಳ್ಕೊಂಡ್ರೆ ಉಳಿಯೋದೆಷ್ಟು ಅಂತ ನೀವೇ ಯೋಚ್ನೆ ಮಾಡಿ.

ಇನ್ನು ಬೈಯೋದು. ಮೂರು ಪ್ರೊಜೆಕ್ಟರ್‌ಗಳಲ್ಲಿ ಬಲಗಡೇದು ಮಬ್ಬು, ಜೋಡಿಸಿರೋ ಜಾಗದಲ್ಲಿ ಗೆರೆ ಎದ್ದು ಕಾಣುತ್ತೆ, ಕ್ರಾಸ್‌ವಿಂಡ್ ಅಪ್ರೋಚಲ್ಲಿ ರನ್‌ವೇ ಸರಿಯಾಗಿ ಆ ಗೆರೆ ಮೇಲೇ ಬಂದು ಕೂರುತ್ತೆ. ಬಲ ಸೀಟಿನ ಒಂದು ಪರದೆ ಸತ್ತಿತ್ತು, "ರಿಪೇರಿಗೆ ಹೇಳಿದೀವಿ ಸರ್" ಅಂದ್ರು ಮ್ಯಾನೇಜರ್, ಹೇಳಿ ಎಷ್ಟು ದಿನ ಆಯ್ತು ಅಂದ್ರೆ ನಕ್ಕರು. ಒಂದು ಗಂಟೆ ಅಂತಾರೆ, ಅದ್ರಲ್ಲಿ ಬ್ರೀಫಿಂಗ್ ಹೋಗುತ್ತೆ, ಹಿಂದಿನ ಪಾರ್ಟಿ ಫೋಟೋ ತಕ್ಕೊಂಡು ಏಳೋ ಹೊತ್ತೂ ನಮ್ಮದರಲ್ಲೇ ಹೋಗುತ್ತೆ. ವೆಬ್‌ಸೈಟಿನ ರೇಟಿಗೆ ಜಿಎಸ್‌ಟಿ ಸೇರಿಲ್ಲ, ಕೌಂಟರಲ್ಲಿ ಗೊತ್ತಾಗುತ್ತೆ. ಎಸಿ ಇದೆ ಅಂತಾರೆ, ಆ ಕಾಕ್‌ಪಿಟ್ ಶೆಲ್ಲಿನ ಒಳಗೆ ಮೂರು ಜನ ಕೂತ್ರೆ ಇಲ್ಲ.

ನ್ಯಾವಿಗೇಷನ್ ಡೇಟಾಬೇಸೂ ಹಳೇದು. ಗಗನ್ ಅಪ್ರೋಚ್ ಒಂದು ಮಾಡ್ಸಿ ಅಂತ ಕೇಳಿದ್ದೆ, ಇರಲಿಲ್ಲ. ಗಗನ್ ಅಂದ್ರೆ ಏರ್‌ಪೋರ್ಟ್ಸ್ ಅಥಾರಿಟಿ ಮತ್ತು ಇಸ್ರೋ ಸೇರಿ ಮಾಡಿದ ವ್ಯವಸ್ಥೆ, ಉಪಗ್ರಹದಿಂದ ಜಿಪಿಎಸ್ ತಿದ್ದುಪಡಿ ಕಳಿಸಿ, ರನ್‌ವೇ ಪಕ್ಕ ಆ ಕಂಬ ಇಲ್ಲದೇನೇ ಗ್ಲೈಡ್ ಸ್ಲೋಪ್ ತರದ ಇಳಿಜಾರು ತೋರಿಸುತ್ತೆ. 2022ರ ಏಪ್ರಿಲಲ್ಲಿ ಇಂಡಿಗೋದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಹಾಗೆ ಇಳಿದಿತ್ತು. ಅದರ ಮಾಸ್ಟರ್ ಕಂಟ್ರೋಲ್ ಸೆಂಟರ್ ಇರೋದು ಇಲ್ಲೇ ಕುಂದಲಹಳ್ಳೀಲಿ, ದಿನಾ ಅದರ ಸುತ್ತಮುತ್ತ ಟ್ರಾಫಿಕಲ್ಲಿ ಸಿಕ್ಕಾಕ್ಕೊಳೋ ಐಟಿ ಮಂದಿಗೆ ಎಷ್ಟು ಜನಕ್ಕೆ ಗೊತ್ತೋ. ಬೆಂಗಳೂರಿನ ಸಿಮ್ ಸೆಂಟರಲ್ಲೇ ಅದಿಲ್ಲ ಅಂದ್ರೆ ಬೇಜಾರು.

ಒಟ್ಟು 5ಕ್ಕೆ 4 ಕೊಡ್ತೀನಿ. ಇದೇ ಮೇಡಂ ಇಲ್ದೇ ಬೇರೆ ಯಾರೋ ಇದ್ದಿದ್ರೆ 2 ಕೊಡ್ತಿದ್ದೆ, ಯಾಕಂದ್ರೆ ನಮ್ಮ ಮುಂದಿನ ಪಾರ್ಟಿಗೆ ಕೂತಿದ್ದ ಇನ್ನೊಬ್ಬ ಹುಡುಗ ಆಟೋಪೈಲಟ್ ಹಾಕಿ ಇನ್‌ಸ್ಟಾಗ್ರಾಮ್ ನೋಡ್ತಿದ್ದ, ಕಸ್ಟಮರ್ ಯೋಕ್ ಹಿಡ್ಕೊಂಡು ತಾನೇ ಹಾರಿಸ್ತಿದೀನಿ ಅಂದ್ಕೊಂಡಿದ್ದ. ಹಾಗಾಗಿ ಫೋನಲ್ಲಿ ಯಾವ ಇನ್‌ಸ್ಟ್ರಕ್ಟರ್, ಅವ್ರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಆಚೆ ಕಾಣ್ದೇ ಇದ್ರೂ ಮೀಟರ್ ನೋಡ್ಕೊಂಡು ಹಾರಿಸೋ ಅರ್ಹತೆ) ಇದೆಯಾ, ವೈಫಲ್ಯಗಳನ್ನ ಹಾಕಿ ಕಲಿಸ್ತಾರಾ ಅಂತ ಕೇಳಿನೇ ಸ್ಲಾಟ್ ತಗೊಳಿ. ಆದಷ್ಟು ವಾರದ ದಿನ ಬೆಳಗ್ಗೆ ಮೊದಲನೇ ಸ್ಲಾಟ್, ಆಗ ಹಿಂದಿನ ಪಾರ್ಟಿ ಇರಲ್ಲ, ಶೆಲ್ಲೂ ತಣ್ಣಗಿರುತ್ತೆ. ಕಾರ್ ತಗೊಂಡ್ ಹೋಗ್ಬೇಡಿ, ಪಾರ್ಕಿಂಗ್ ಇಲ್ಲ. ಫೋನ್ ಸಿಕ್ಕಿಸೋ ಒಂದು ಕ್ಲಾಂಪ್ ಜೊತೇಲಿ ಇರ್ಲಿ, ಪಿಎಫ್‌ಡಿ ಕಡೆ ತಿರುಗಿಸಿ ನೀವೇ ರೆಕಾರ್ಡ್ ಮಾಡ್ಕೊಳಿ, ಮನೆಗೆ ಬಂದು ಡೈಮಂಡ್ ಎಲ್ಲೆಲ್ಲಿ ಓಡಾಡ್ತು ಅಂತ ನೋಡೋಕೆ ಬೇಕಾಗುತ್ತೆ, ಸೆಂಟರಿನವ್ರು ಕೊಡೋ ವಿಡಿಯೋದಲ್ಲಿ ಬರೀ ನಿಮ್ಮ ಮುಖ ಇರುತ್ತೆ.